ಒಣಗಿದ ಮೇಲೆ ಕೆಲಸಕ್ಕಿಳಿಯುವ ಎಲೆ

(ಕಾಫಿ ಬೆಳೆಗಾರರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಿಂದ ಮುಖ್ಯವಾದ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಪಶ್ಚಿಮ ಘಟ್ಟದ ಜರೀಗಿಡಗಳು’, ಅಂದರೆ ಫರ್ನ್‌ಗಳು, ಎಂದು ಅಚ್ಚಾಗಿದೆ. ನಮ್ಮ ದೇಶದಲ್ಲಿ ಜರೀಗಿಡಗಳೂ ಅವುಗಳ ಹತ್ತಿರದ ನೆಂಟರೂ ಸೇರಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಘಟ್ಟದವನ್ನಷ್ಟೇ ಹೆಸರಿಸುತ್ತಾ ಹೋದರೂ ಮತದಾರರ ಪಟ್ಟಿ ಓದಿದಂತಾಗಿ, ಚಹಾ ಬರುವ ಹೊತ್ತಿಗೆ ನೀವೆಲ್ಲ ನಿದ್ದೆ ಹೋಗಿರುತ್ತೀರಿ. ಹಾಗಾಗಿ ಒಂದೇ ಒಂದು ಗಿಡವನ್ನು ಹಿಡಿದುಕೊಂಡು ಬಂದಿದ್ದೇನೆ. ಹಿಡಿದುಕೊಂಡು ಎಂದರೆ ನಿಜವಾಗಿಯೂ ಕೈಯಲ್ಲಿ. ಗಾಳಿಗೆ ಮುರಿದುಬಿದ್ದ ಮಾವಿನ ಕೊಂಬೆಯೊಂದರ ಮೇಲಿದ್ದದ್ದು ಇದು; ಮರದಿಂದ ಕಿತ್ತು ತಂದದ್ದಲ್ಲ.

ಈ ಗಿಡವನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಹಳೆಯ ಮಾವು, ಹಲಸು, ರಸ್ತೆ ಬದಿಯ ಸಾಲುಮರ, ಕೆಲವೊಮ್ಮೆ ತೆಂಗಿನ ಕಾಂಡ, ಇನ್ನು ಕೆಲವೊಮ್ಮೆ ಬರಿಯ ಬಂಡೆ ಅಥವಾ ಪಾಳುಗೋಡೆ; ಎಲ್ಲೆಂದರಲ್ಲಿ ಕಂದು ಎಲೆಗಳ ಒಂದು ದಂಡೆ ಕಟ್ಟಿಕೊಂಡು, ಅದರ ನಡುವಿನಿಂದ ಉದ್ದನೆಯ ಹಸಿರು ಎಲೆಗಳನ್ನು ಹೊರಚಾಚಿಕೊಂಡು ಕೂತಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಡ್ರೈನೇರಿಯಾ ಕ್ವೆರ್ಸಿಫೋಲಿಯಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಬೇರೊಂದು ಕುಲಕ್ಕೆ ಸೇರಿಸಿದ್ದ, ಮುಂದೆ ಬಂದವರು ಬದಲಾಯಿಸಿದರು, ಈಗಲೂ ಕೆಲವರು ಮತ್ತೊಂದು ಕುಲಕ್ಕೆ ಸಾಗಿಸಿದ್ದಾರೆ. ಆ ಜಗಳ ನಮಗೆ ಬೇಡ. ಡ್ರೈನೇರಿಯಾ ಎಂದೇ ಕರೆಯುತ್ತೇನೆ. ಭಾರತ, ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾವನ್ನು ದಾಟಿ ಆಸ್ಟ್ರೇಲಿಯಾದ ಉಷ್ಣವಲಯದವರೆಗೂ ಇದರ ನೆಲೆ ಹಬ್ಬಿದೆ. ಅಪರೂಪದ ಗಿಡವೇನಲ್ಲ. ಅಪರೂಪದ್ದಾಗಿದ್ದರೆ ಇಷ್ಟರಲ್ಲಿ ಅದರ ಮೇಲೆ ಯಾರಾದರೂ ಫಲಕ ನೆಟ್ಟಿರುತ್ತಿದ್ದರು.

ಮೊದಲು ಇದರ ಮೇಲಿರುವ ಆರೋಪವನ್ನು ತೆಗೆದುಕೊಳ್ಳೋಣ. ‘ಬಂದಳಿಕೆ ಸಾರ್, ಮರದ ಸಾರ ಹೀರುತ್ತದೆ, ಕೆರೆದು ಹಾಕಬೇಕು.’ ಈ ಮಾತನ್ನು ತೋಟ ತೋಟದಲ್ಲೂ ಕೇಳಿದ್ದೇನೆ. ಬಂದಳಿಕೆ ಬೇರೆಯೇ ಸಂಸಾರ. ಅದು ಹೂ ಬಿಡುವ ಗಿಡ, ಅದರ ಬೀಜವನ್ನು ಹಕ್ಕಿಗಳು ತಂದು ಕೊಂಬೆಗೆ ಅಂಟಿಸುತ್ತವೆ, ಮೊಳಕೆ ತೊಗಟೆಯನ್ನು ಕೊರೆದು ಮರದ ನೀರಿನ ನಾಳಕ್ಕೇ ಕೈ ಹಾಕುತ್ತದೆ. ಉಂಡ ಮನೆಯ ಜಂತೆ ಎಣಿಸುವ ಜಾತಿ ಅದು. ಡ್ರೈನೇರಿಯಾದ ಬೇರು ಹಾಗೆ ಒಳಗಿಳಿಯುವುದಿಲ್ಲ. ತೊಗಟೆಯ ಬಿರುಕುಗಳಲ್ಲಿ ಹಿಡಿತ ಸಿಕ್ಕರೆ ಅದಕ್ಕೆ ಸಾಕು. ಬೇಕಿದ್ದರೆ ಈ ತುಂಡಿನ ಅಡಿಭಾಗವನ್ನು ನೋಡಿ. ಬೇರಿನ ಜೊತೆಗೆ ಸತ್ತ ತೊಗಟೆಯ ಹೊರಪದರ ಮಾತ್ರ ಎದ್ದು ಬಂದಿದೆ. ಒಳಗಿನ ಹಸಿ ಪದರದಲ್ಲಿ ಒಂದು ರಂಧ್ರವೂ ಇಲ್ಲ.

ಹಾಗಾದರೆ ಊಟ ಎಲ್ಲಿಂದ? ಮಣ್ಣು ಮೂವತ್ತು ಅಡಿ ಕೆಳಗಿದೆ. ಮರ ಕೊಡುತ್ತಿಲ್ಲ. ಮಳೆನೀರಿನಲ್ಲಿ, ಗಾಳಿಯ ಧೂಳಿನಲ್ಲಿ ಸಿಗುವುದು ಚೂರುಪಾರು. ಇಷ್ಟು ದೊಡ್ಡ ಮೈ ಬೆಳೆಸಲು ಅದು ಸಾಲದು. ಈ ಗಿಡದ ಜಾಣತನವೆಲ್ಲ ಈ ಪ್ರಶ್ನೆಗೆ ಅದು ಕಂಡುಕೊಂಡ ಉತ್ತರದಲ್ಲಿದೆ.

ಈಗ ಇದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ, ಕೈಯಲ್ಲಿ ಹಿಡಿದು ನೋಡಿ. ಇದರಲ್ಲಿ ಎರಡು ಬಗೆಯ ಎಲೆಗಳಿವೆ. ಉದ್ದನೆಯದು, ಎರಡು ಮೊಳದವರೆಗೂ ಬೆಳೆಯಬಲ್ಲದ್ದು, ಹಸಿರು ಎಲೆ. ತೊಟ್ಟಿದೆ, ನಡುನರದ ಎರಡೂ ಬದಿಗೆ ಆಳವಾಗಿ ಸೀಳಿದ ಹಾಲೆಗಳಿವೆ. ತಿರುಗಿಸಿ ಹಿಡಿದರೆ ಪಕ್ಕದ ನರಗಳ ನಡುವೆ ಎರಡೆರಡು ಸಾಲಿನಲ್ಲಿ ದುಂಡನೆಯ ಕಂದು ಚುಕ್ಕೆಗಳು ಕಾಣುತ್ತವೆ. ಅದು ರೋಗವಲ್ಲ. ಬೀಜಕಚೀಲಗಳ ಗುಂಪು; ಜರೀಗಿಡದಲ್ಲಿ ಬೀಜದ ಕೆಲಸ ಮಾಡುವ ಧೂಳಿನಂಥ ಬೀಜಕಗಳು ಇರುವುದು ಈ ಚೀಲಗಳಲ್ಲಿ. ಇಂಥ ಎಲೆಯನ್ನು ತಂದು ‘ಇದಕ್ಕೆ ಯಾವ ಔಷಧಿ ಹೊಡೆಯಬೇಕು’ ಎಂದು ಕೇಳಿದವರಿದ್ದಾರೆ.

ಇನ್ನೊಂದು, ಬುಡದಲ್ಲಿ ಕಾಂಡವನ್ನು ಅಪ್ಪಿಕೊಂಡಂತಿರುವ ಗಿಡ್ಡ ಎಲೆ. ಗೇಣುದ್ದ, ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ತೊಟ್ಟಿಲ್ಲ. ಅಂಚಿನಲ್ಲಿ ಅಷ್ಟೇನೂ ಆಳವಲ್ಲದ ಅಲೆಗಳಿವೆ. ಓಕ್ ಮರದ ಎಲೆಯನ್ನು ಕಂಡಿದ್ದ ಯುರೋಪಿನವರು ಗಿಡಕ್ಕೆ ಕ್ವೆರ್ಸಿಫೋಲಿಯಾ, ಅಂದರೆ ಓಕ್ ಎಲೆಯದು, ಎಂದು ಹೆಸರಿಟ್ಟದ್ದು ಇದನ್ನು ನೋಡಿಯೇ. ಇದನ್ನು ಗೂಡೆಲೆ ಎನ್ನೋಣ. ಹುಟ್ಟುವಾಗ ತಿಳಿಹಸಿರಾಗಿರುತ್ತದೆ. ಆದರೆ ಹಸಿರಿನ ಕಾಲ ಸ್ವಲ್ಪವೇ. ಬೇಗ ಕಂದಾಗುತ್ತದೆ, ಗರಿಗರಿಯಾಗುತ್ತದೆ, ಸಾಯುತ್ತದೆ. ಸತ್ತರೂ ಉದುರುವುದಿಲ್ಲ. ಬೆರಳಿನಿಂದ ಬಗ್ಗಿಸಿ ನೋಡಿ, ಎಷ್ಟು ಗಡುಸಾಗಿದೆ! ಮಾವಿನ ಒಣ ಎಲೆ ಹಿಡಿದರೆ ಪುಡಿಯಾಗುತ್ತದೆ. ಇದು ಮರಳಿ ಚಿಮ್ಮುತ್ತದೆ. ಕಾರಣ ಅದರ ನರಗಳು. ದಪ್ಪ ನರಗಳನ್ನು ಅಡ್ಡನರಗಳು ಚೌಕ ಚೌಕವಾಗಿ ಹೆಣೆದಿವೆ. ವರ್ಷಗಳುರುಳಿ ನಡುವಿನ ತೆಳು ಭಾಗ ಕೊಳೆತುಹೋದ ಮೇಲೂ ಆ ನರಗಳ ಜಾಲ ಮಾತ್ರ ಗಿಡಕ್ಕೆ ಅಂಟಿಕೊಂಡು ನಿಂತಿರುತ್ತದೆ. ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ಈ ಮೂರೂ ಹಂತ ಒಂದರ ಹಿಂದೊಂದು ಇವೆ: ಮೇಲೆ ಕಂದು ಎಲೆ, ಅದರ ಕೆಳಗೆ ಅಲ್ಲಲ್ಲಿ ತೂತಾದದ್ದು, ತೀರಾ ಒಳಗೆ ಬರಿಯ ಬಲೆ.

ಎಲೆ ಎಂದರೆ ಬಿಸಿಲು ಹಿಡಿದು ಅನ್ನ ಮಾಡುವ ಅಂಗ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಗೂಡೆಲೆ ಆ ಕೆಲಸವನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಅದು ಹಿಡಿಯುವುದು ತರಗೆಲೆಯನ್ನು. ಮೇಲಿನ ಕೊಂಬೆಗಳಿಂದ ಉದುರಿದ ಎಲೆ, ಹೂವು, ಚಕ್ಕೆ, ಹಕ್ಕಿಯ ಹಿಕ್ಕೆ, ಸತ್ತ ಹುಳು, ಮರದ ಕಾಂಡದ ಮೇಲೆ ಹರಿದಿಳಿಯುವ ಮಳೆನೀರಿನ ಜೊತೆ ಬರುವ ಮಣ್ಣಿನ ಕಣ, ಎಲ್ಲವೂ ಗೂಡೆಲೆಗೂ ಕಾಂಡಕ್ಕೂ ನಡುವಿನ ಸಂದಿನಲ್ಲಿ ಸೇರುತ್ತವೆ. ಅಲ್ಲಿ ತೇವ ಆರುವುದು ನಿಧಾನ. ಶಿಲೀಂಧ್ರ, ಬ್ಯಾಕ್ಟೀರಿಯಾ, ನುಸಿಗಳು ಸೇರಿ ಕೊಳೆಸುತ್ತವೆ. ಕಪ್ಪು ಗೊಬ್ಬರವಾಗುತ್ತದೆ. ಗಿಡ ತನ್ನ ಬೇರನ್ನು ಆ ಗೊಬ್ಬರದೊಳಕ್ಕೆ ಬಿಡುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ದರಗು ಹೊತ್ತು ತಂದು ಗೊಬ್ಬರ ಮಾಡುತ್ತಾರಲ್ಲ, ಈ ಗಿಡ ಕೂತಲ್ಲಿಗೇ ದರಗು ತರಿಸಿಕೊಳ್ಳುತ್ತದೆ. ಹೊರೆಯೂ ಇಲ್ಲ, ಕೂಲಿಯೂ ಇಲ್ಲ.

ಒಂದು ಸೂಕ್ಷ್ಮ ಇಲ್ಲಿದೆ. ಬದುಕಿರುವ ಎಲೆಯಿಂದ ಇಂಥ ಗೂಡು ಕಟ್ಟಿದ್ದರೆ ಗಿಡಕ್ಕೆ ದುಬಾರಿಯಾಗುತ್ತಿತ್ತು. ಬದುಕಿರುವ ಎಲೆಗೆ ದಿನವೂ ನೀರು ಬೇಕು, ಕತ್ತಲಲ್ಲಿ ಮುಚ್ಚಿಹೋದರೆ ಅದು ಸಾಕಿದವರಿಗೆ ನಷ್ಟ. ಸತ್ತ ಎಲೆ ಏನನ್ನೂ ಕೇಳುವುದಿಲ್ಲ. ಒಮ್ಮೆ ಗಡುಸಾಗಿ ಕಟ್ಟಿ ಬಿಟ್ಟರೆ ವರ್ಷಗಟ್ಟಲೆ ಬಿಟ್ಟಿ ದುಡಿಮೆ. ಸಾವನ್ನು ಲೆಕ್ಕ ಹಾಕಿಯೇ ಕಟ್ಟಿದ ಅಂಗ ಇದು ಎಂದರೆ ತಪ್ಪಾಗಲಾರದು. ಮರದ ತಿರುಳೂ ಸತ್ತ ಕೋಶವೇ ಎಂಬುದನ್ನು ನೆನೆದರೆ ಇದು ಸಸ್ಯಲೋಕದಲ್ಲಿ ಹೊಸ ಉಪಾಯವಲ್ಲ; ಎಲೆಯಲ್ಲಿ ಮಾಡಿ ತೋರಿಸಿದ್ದು ಮಾತ್ರ ವಿಶೇಷ.

ಈಗ ನಮ್ಮ ಹವೆಗೆ ಬರೋಣ. ಘಟ್ಟದ ಮಳೆ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಆಷಾಢ. ಜರೀಗಿಡಕ್ಕೆ ಕಷ್ಟ ಕೊಡುವುದು ಆಷಾಢವಲ್ಲ, ಮಾಗಿಯಿಂದ ವೈಶಾಖದವರೆಗಿನ ಒಣಗಾಲ. ನಾಲ್ಕು ತಿಂಗಳು ಧಾರಾಕಾರ, ಆಮೇಲೆ ನಾಲ್ಕೈದು ತಿಂಗಳು ಹನಿಯೂ ಇಲ್ಲದ ಸ್ಥಿತಿ. ನೆಲದ ಮೇಲಿನ ಗಿಡ ಬೇರನ್ನು ಆಳಕ್ಕಿಳಿಸಿ ಬದುಕಿಕೊಳ್ಳುತ್ತದೆ. ಕೊಂಬೆಯ ಮೇಲೆ ಆಳ ಎನ್ನುವುದೇ ಇಲ್ಲ. ಡ್ರೈನೇರಿಯಾ ಹಸಿರು ಎಲೆಗಳ ಹಾಲೆಗಳನ್ನು ಒಂದೊಂದಾಗಿ ಕಳಚಿ ಹಾಕುತ್ತದೆ. ನಡುನರಗಳು ಮಾತ್ರ ಕಡ್ಡಿಗಳಾಗಿ ಎದ್ದು ನಿಲ್ಲುತ್ತವೆ, ಅವೂ ಉದುರುವ ತರಗನ್ನು ತಡೆದು ಗೂಡಿಗೆ ಸೇರಿಸುತ್ತವೆ. ಗಮನಿಸಿ, ಎಲೆ ಉದುರಿಸುವ ಕಾಡಿನಲ್ಲಿ ತರಗು ಹೆಚ್ಚು ಬೀಳುವುದೂ ಇದೇ ಒಣಗಾಲದಲ್ಲಿ. ಗಿಡ ತಾನು ಮಲಗಿರುವಾಗ ಮುಂದಿನ ವರ್ಷದ ಗೊಬ್ಬರವನ್ನು ತುಂಬಿಸಿಕೊಳ್ಳುತ್ತಿರುತ್ತದೆ.

ಇಷ್ಟೂ ದಿನ ಜೀವ ಹಿಡಿದಿಡುವುದು ಜರೀಗಿಡದ ಕಾಂಡ. ಇದೋ ಇಲ್ಲಿ, ಹೆಬ್ಬೆರಳು ದಪ್ಪ, ಮರಕ್ಕೆ ಅಂಟಿಕೊಂಡು ಅಡ್ಡಡ್ಡ ಹರಿಯುತ್ತದೆ. ಮೈಯೆಲ್ಲ ಕಂದು ಬಣ್ಣದ ಕೂದಲಿನಂಥ ಹೊಟ್ಟು. ಉಗುರಿನಿಂದ ಕೆರೆದರೆ ಒಳಗೆ ರಸಭರಿತ ಹಸಿರು. ಏಪ್ರಿಲ್‌ನಲ್ಲಿ ಇದನ್ನು ನೋಡಿದವರು ಸತ್ತುಹೋಗಿದೆ ಎಂದೇ ತಿಳಿಯುತ್ತಾರೆ. ಮೃಗಶಿರಾ ಮಳೆ ಹಿಡಿದು ಆರಿದ್ರಾ ಕಾಲಿಡುವ ಹೊತ್ತಿಗೆ ಅದೇ ಕಾಂಡದ ತುದಿಯಲ್ಲಿ ಸುರುಳಿ ಬಿಚ್ಚುವ ಎಲೆಗಳು ಕಾಣಿಸಿಕೊಳ್ಳುತ್ತವೆ.

ಇನ್ನು ಈ ಗೂಡಿನ ಬಾಡಿಗೆದಾರರ ವಿಷಯ. ಗೊಬ್ಬರವನ್ನು ಬಿಳಿ ಕಾಗದದ ಮೇಲೆ ಹರಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು, ಕಾಗದ ಓಡಾಡತೊಡಗುತ್ತದೆ. ನುಸಿಗಳು, ಚಿಮ್ಮುವ ಸ್ಪ್ರಿಂಗ್‌ಟೇಲ್‌ಗಳು, ಸಹಸ್ರಪದಿ, ಇರುವೆ, ಕಾಡುಜಿರಲೆ, ಪುಟ್ಟ ಜೇಡ. ಇದರಲ್ಲಿ ಬಹಳಷ್ಟು ನೆಲದ ಜೀವಿಗಳು. ಮೇಲೆ ಅವಕ್ಕೆ ನೆಲವನ್ನು ಮಾಡಿಕೊಟ್ಟದ್ದು ಗಿಡ. ಇಂಥ ಗೂಡುಗಳಲ್ಲಿ ಎಷ್ಟು ಜೀವ ಇರಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ಲೆಕ್ಕ ಬೋರ್ನಿಯೋದಿಂದ ಬಂದಿದೆ. ಅಲ್ಲಿನ ಡೇನಮ್ ಕಣಿವೆಯ ಮಳೆಕಾಡಿನಲ್ಲಿ ಎಲ್‌ವುಡ್ ಮತ್ತು ಫಾಸ್ಟರ್ ಎಂಬ ಇಬ್ಬರು ವಿಜ್ಞಾನಿಗಳು ಹಕ್ಕಿಗೂಡು ಜರಿಯನ್ನು ಮರದ ತುದಿಯಿಂದ ಇಳಿಸಿ ಅದರೊಳಗಿನ ಹುಳುಹುಪ್ಪಟೆಗಳನ್ನು ತೂಗಿದರು. ಅದೂ ತರಗು ಹಿಡಿಯುವ ಗಿಡವೇ, ದೊಡ್ಡದಾದರೆ ನೀರು ಕುಡಿದು 200 ಕಿಲೋವರೆಗೆ ತೂಗುತ್ತದೆ. 2004ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಜರೀಗಿಡದೊಳಗಿನವನ್ನು ಸೇರಿಸಿದ ಕೂಡಲೇ ಆ ಕಾಡಿನ ಮೇಲ್ಛಾವಣಿಯಲ್ಲಿರುವ ಅಕಶೇರುಕಗಳ ಒಟ್ಟು ತೂಕದ ಅಂದಾಜು ಸರಿಸುಮಾರು ಇಮ್ಮಡಿಯಾಯಿತು. ಅಷ್ಟು ದಿನ ಮರಗಳಿಗೆ ಹೊಗೆ ಹಾಕಿ ಉದುರಿದ್ದನ್ನಷ್ಟೇ ಎಣಿಸುತ್ತಿದ್ದವರಿಗೆ ಗೂಡಿನೊಳಗಿದ್ದವು ಕಂಡೇ ಇರಲಿಲ್ಲ. ಡ್ರೈನೇರಿಯಾ ಅಷ್ಟು ದೈತ್ಯ ಗಿಡವಲ್ಲ, ಆ ಅಂಕಿಯನ್ನು ನಮ್ಮ ಮಾವಿನ ಮರಕ್ಕೆ ಎತ್ತಿ ಅಂಟಿಸಬಾರದು. ಆದರೆ ಕೆಲಸದ ಬಗೆ ಒಂದೇ.

ಹುಳು ಇದ್ದಲ್ಲಿ ತಿನ್ನುವವರು ಬರುತ್ತಾರೆ. ಸಿಂಗಳೀಕಗಳು ಮರದ ಮೇಲೆ ತೊಗಟೆ, ಹಾವಸೆ, ಒಣ ಎಲೆಗಳ ಮುದ್ದೆಗಳನ್ನು ಕೆದಕಿ ಹುಳು ಹುಡುಕುವುದನ್ನು ಕಾಡಿನಲ್ಲಿ ಓಡಾಡುವವರು ನೋಡಿರುತ್ತೀರಿ. ಗೊಬ್ಬರ ಇದ್ದಲ್ಲಿ ಬೇರೆ ಗಿಡಗಳೂ ಬರುತ್ತವೆ. ಹಳೆಯ ಡ್ರೈನೇರಿಯಾ ಗೂಡಿನ ಪಕ್ಕದಲ್ಲಿ ಸೀತಾಳೆ ದಂಡೆಯೋ ಮತ್ತಾವುದೋ ಆರ್ಕಿಡ್ ಬೇರುಬಿಟ್ಟದ್ದು, ಚಿಕ್ಕ ಜರೀಗಿಡಗಳು ತುಂಬಿಕೊಂಡದ್ದು ತೀರಾ ಸಾಮಾನ್ಯ ನೋಟ.

ಇರುವೆಗಳದು ಬೇರೆಯೇ ಕತೆ. ಜರೀಗಿಡಕ್ಕೆ ಹೂವಿಲ್ಲ, ಪರಾಗಸ್ಪರ್ಶ ಬೇಕಿಲ್ಲ, ಹಾಗಾಗಿ ಮಕರಂದದ ಅಗತ್ಯವೂ ಇರಬಾರದು. ಆದರೂ ಡ್ರೈನೇರಿಯಾ ತನ್ನ ಎಲೆಗಳ ಮೇಲೆ ಮಕರಂದ ಸ್ರವಿಸುತ್ತದೆ! ಎಳೆಯ ಎಲೆ ಬಿಚ್ಚುವಾಗ ಇರುವೆಗಳು ಅದರ ಮೇಲೆ ಸಾಲುಗಟ್ಟಿ ಓಡಾಡುತ್ತವೆ. ಎಲೆ ತಿನ್ನುವ ಹುಳುಗಳಿಂದ ಎಳೆತನದಲ್ಲಿ ಕಾಪಾಡಲು ಕೊಡುವ ಸಂಬಳ ಅದು ಎಂಬುದು ಸಸ್ಯವಿಜ್ಞಾನಿಗಳ ವಿವರಣೆ. ಹೂವು ಎಂಬ ಅಂಗವನ್ನೇ ಕಾಣದ ಮನೆತನದವರು ಮಕರಂದ ಹಂಚುತ್ತಿರುವುದು ನನಗಂತೂ ಇಂದಿಗೂ ಸೋಜಿಗ.

ಇಷ್ಟೆಲ್ಲ ಕೇಳಿದ ಮೇಲೂ ನೀವು ಕೇಳಬಹುದು: ಹುಳುವಿಗೆ ಒಳ್ಳೆಯದಾಯಿತು, ಸೀತಾಳೆಗೆ ಒಳ್ಳೆಯದಾಯಿತು, ಮರಕ್ಕೆ ಏನು ಸಿಕ್ಕಿತು? ಮರಕ್ಕೆ ಸೇರಬೇಕಿದ್ದ ತರಗನ್ನು ಇದು ದಾರಿಯಲ್ಲೇ ತಡೆದಿದೆಯಲ್ಲ? ನ್ಯಾಯವಾದ ಪ್ರಶ್ನೆ. ತಡೆದದ್ದು ನಿಜ, ಆದರೆ ನುಂಗಿಬಿಟ್ಟಿಲ್ಲ. ಮಳೆಗಾಲದಲ್ಲಿ ಗೂಡು ತುಂಬಿ ಸೋರಿದ ನೀರು ಗೊಬ್ಬರದ ಸತ್ವವನ್ನು ಕೊಂಚ ಕೊಂಚವೇ ಕೆಳಗಿಳಿಸುತ್ತದೆ, ಹಳೆಯ ಗೂಡು ಕಳಚಿಬಿದ್ದಾಗ ಉಳಿದದ್ದೂ ಬುಡ ಸೇರುತ್ತದೆ. ಒಂದೇ ಜಡಿಮಳೆಗೆ ಕೊಚ್ಚಿಹೋಗಬಹುದಾಗಿದ್ದ ಸತ್ವ ತಡೆತಡೆದು ಇಳಿಯುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯನ್ನು ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ 1981ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಮಳೆಕಾಡಿನಲ್ಲಿ ಮೇಪಲ್ ಮರಗಳನ್ನೇರಿ ಕೊಂಬೆಗಳ ಮೇಲಿನ ಹಾವಸೆಯ ದಪ್ಪ ಹೊದಿಕೆಯನ್ನು ಸುಲಿದು ನೋಡಿದಾಗ, ಅದರಡಿಯ ಮಣ್ಣಿನೊಳಗೆ ಬೇರುಗಳು ಹರಡಿದ್ದವು. ಯಾರ ಬೇರು ಎಂದು ಹಿಂಬಾಲಿಸಿದರೆ ಅವು ಮರದವೇ! ಕೊಂಬೆಯೇ ಬೇರುಬಿಟ್ಟು, ತನ್ನ ಮೇಲೆ ಕೂತ ಗಿಡಗಳು ಕೂಡಿಟ್ಟ ಮಣ್ಣಿನಿಂದ ಉಣ್ಣುತ್ತಿತ್ತು. ನಮ್ಮ ಪ್ರತಿ ಮರವೂ ಹೀಗೆ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾರು ಯಾರ ಸಾರ ಹೀರುತ್ತಿದ್ದಾರೆ ಎಂಬ ತೀರ್ಪನ್ನು ಕತ್ತಿ ಹಿಡಿಯುವ ಮೊದಲು ಸ್ವಲ್ಪ ತಡೆದು ಕೊಡಿ ಎನ್ನುತ್ತಿದ್ದೇನೆ.

ವಂಶ ಬೆಳೆಸುವ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ವಿದ್ಯಾರ್ಥಿಗಳಿಗೆ ಪಠ್ಯದಲ್ಲಿದೆ. ಎಲೆಯಡಿಯ ಚುಕ್ಕೆಯಲ್ಲಿ ಹಲವಾರು ಬೀಜಕಚೀಲಗಳು, ಒಂದೊಂದರಲ್ಲಿ ಸಾಮಾನ್ಯವಾಗಿ 64 ಬೀಜಕಗಳು. ಚೀಲದ ಬೆನ್ನ ಮೇಲೆ ಸುಮಾರು ಒಂದು ಡಜನ್ ಕೋಶಗಳ ಪಟ್ಟಿ ಇರುತ್ತದೆ. ಮಳೆ ಕಳೆದು ಗಾಳಿ ಒಣಗಿದಂತೆ ಆ ಕೋಶಗಳ ನೀರು ಆರಿ ಪಟ್ಟಿ ಹಿಂದಕ್ಕೆ ಬಾಗುತ್ತಾ ಚೀಲವನ್ನು ಸೀಳುತ್ತದೆ. ಒಂದು ಹಂತದಲ್ಲಿ ಒಳಗಿನ ನೀರು ಎಳೆತ ತಾಳಲಾರದೆ ಅದರಲ್ಲಿ ಗುಳ್ಳೆ ಮೂಡುತ್ತದೆ, ಪಟ್ಟಿ ತಟಕ್ಕನೆ ಮುಂದಕ್ಕೆ ಜಿಗಿದು ಬೀಜಕಗಳನ್ನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಎರಚುತ್ತದೆ. ಮುಂದಿನದು ಗಾಳಿಯ ಪಾಲು. ಒರಟು ತೊಗಟೆಯ ತೇವದ ಬಿರುಕಿಗೆ ಬಿದ್ದ ಬೀಜಕ ಮೊದಲು ಕೆಲವೇ ಮಿಲಿಮೀಟರ್‌ನ ಹಸಿರು ಚಕ್ಕೆಯಾಗುತ್ತದೆ. ಅದರ ಮೇಲೆ ನೀರಿನ ತೆಳುಪದರ ಇದ್ದರೆ ಮಾತ್ರ ಗಂಡುಕೋಶ ಈಜಿ ಹೆಣ್ಣುಕೋಶವನ್ನು ಸೇರುತ್ತದೆ. ಆಮೇಲೆ ಹುಟ್ಟುವ ಮರಿಗಿಡದ ಎಲೆಗಳು ಸಾದಾ. ಗೂಡೆಲೆ ಮೂಡುವುದು ಅದು ಬೆಳೆದು ಬಲಿತ ಮೇಲೆ. ಅಂದರೆ ನೀವು ಒಂದು ನಿಮಿಷದಲ್ಲಿ ಕೆರೆದು ಹಾಕುವ ದಂಡೆಯ ಹಿಂದೆ ಎಷ್ಟೋ ಮಳೆಗಾಲಗಳ ದುಡಿಮೆ ಇರುತ್ತದೆ.

ಕೆರೆಯುವವರಲ್ಲಿ ಈಗ ಇನ್ನೊಂದು ವರ್ಗ ಸೇರಿಕೊಂಡಿದೆ. ತಮಿಳುನಾಡಿನ ಕೊಲ್ಲಿಮಲೆ ಕಡೆ ಹೋದವರು ರಸ್ತೆಬದಿಯಲ್ಲಿ ಕಂದು ರೋಮದ ಗೆಡ್ಡೆಗಳನ್ನು ಗುಡ್ಡೆ ಹಾಕಿ ಮಾರುವುದನ್ನು ನೋಡಿರಬಹುದು. ಮುಡವಾಟ್ಟುಕಾಲ್ ಎನ್ನುತ್ತಾರೆ. ಆಡಿನ ಕಾಲಿನ ಹಾಗೆ ಕಾಣುತ್ತದೆ, ಸೂಪು ಮಾಡಿ ಕುಡಿದರೆ ಮಂಡಿನೋವು ಹೋಗುತ್ತದೆ ಎಂಬ ನಂಬಿಕೆ. ಆ ಗೆಡ್ಡೆ ಇದೇ ಗಿಡದ ಕಾಂಡ. ಬೆಟ್ಟದ ಜನ ತಲೆಮಾರುಗಳಿಂದ ತಮಗೆ ಬೇಕಾದಷ್ಟು ತೆಗೆದು ಬಳಸಿಕೊಂಡದ್ದರ ಬಗ್ಗೆ ನನಗೆ ತಕರಾರಿಲ್ಲ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಪಾರ್ಸೆಲ್ ತರಿಸುವವರ ಬಗ್ಗೆ ಇದೆ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಕಾಂಡವನ್ನೇ ಕಿತ್ತರೆ ಒಣಗಾಲ ದಾಟಿಸುವ ಅಂಗವೇ ಹೋಯಿತು. ಮಂಡಿನೋವಿಗೆ ವೈದ್ಯರನ್ನು ಕಾಣಿ.

ಬೆಳೆಗಾರರಿಗೆ ಕೊನೆಯದಾಗಿ ಒಂದು ಮಾತು. ಡ್ರೈನೇರಿಯಾಕ್ಕೆ ಬೇಕಾದದ್ದು ಹಳೆಯ ಮರ, ಒರಟು ತೊಗಟೆ, ಅಗಲವಾದ ಕವಲು. ಕಾಫಿ ತೋಟದ ನೆರಳಿಗೆ ಅತ್ತಿ, ಹಲಸು, ನೇರಳೆ, ಮತ್ತಿ ಇದ್ದಷ್ಟು ಕಾಲ ಅದಕ್ಕೆ ಜಾಗದ ಕೊರತೆ ಇರಲಿಲ್ಲ. ಈಗ ಸಾಲುಸಾಲಾಗಿ ಸಿಲ್ವರ್ ಓಕ್. ನೆಟ್ಟವರನ್ನು ನಾನು ದೂರುವುದಿಲ್ಲ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಕಚೇರಿ ಅಲೆಯಬೇಕಿಲ್ಲ. ಆದರೆ ನೆಟ್ಟಗೆ ಕಂಬದಂತೆ ಏರಿ, ದೊಡ್ಡ ಕವಲು ಒಡೆಯದ, ಇಪ್ಪತ್ತು ಮೂವತ್ತು ವರ್ಷಕ್ಕೆ ಕಡಿತಲೆಗೆ ಬರುವ ಮರದಲ್ಲಿ ಇಂಥ ಗೂಡು ಕಟ್ಟಲು ನೆಲೆಯೂ ಇಲ್ಲ, ಸಮಯವೂ ಇಲ್ಲ. ನೆರಳು ಒಂದೇ ಅಳತೆಯಲ್ಲಿ ಸಿಕ್ಕಿದರೂ ಮರದ ಮೇಲಿನ ಮಣ್ಣು ಸಿಗುವುದಿಲ್ಲ. ಇರುವ ಹಳೆಯ ಕಾಡುಮರಗಳನ್ನಾದರೂ ಉಳಿಸಿಕೊಳ್ಳಿ, ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಕವಲಿನ ದಂಡೆಗಳನ್ನು ಬಿಟ್ಟು ಕಡಿಯುವಂತೆ ಹೇಳಿ.

ಪ್ರಶ್ನೋತ್ತರದಲ್ಲಿ ಮೊದಲು ಬಂದದ್ದು ಭಾರದ ಪ್ರಶ್ನೆ: ಮಳೆಯಲ್ಲಿ ನೀರು ಕುಡಿದ ಗೂಡಿನ ಭಾರಕ್ಕೆ ಕೊಂಬೆ ಮುರಿಯುವುದಿಲ್ಲವೇ? ಮುರಿಯಬಹುದು. ಗಟ್ಟಿ ಕೊಂಬೆ ತಾಳಿಕೊಳ್ಳುತ್ತದೆ, ಒಳಗೆ ಲಡ್ಡು ಹಿಡಿದ ಕೊಂಬೆ ಮುರಿಯುತ್ತದೆ. ಮನೆಯ ಮಾಡಿನ ಮೇಲೋ ದಾರಿಯ ಮೇಲೋ ಬಾಗಿದ ಲಡ್ಡು ಕೊಂಬೆಯಾದರೆ ತೆಗೆಸುವುದೇ ಸರಿ, ಗಿಡ ಇರಲಿ ಬಿಡಲಿ. ಉಳಿದೆಡೆ ಹೆದರಿಕೆ ಬೇಡ.

ಎರಡನೆಯದು ಒಬ್ಬ ವಿದ್ಯಾರ್ಥಿನಿಯದು: ಕುಂಡದಲ್ಲಿ ಬೆಳೆಸಬಹುದೇ? ಮಣ್ಣು ತುಂಬಿ ಕಾಂಡವನ್ನು ಹೂಳಿದರೆ ಕೊಳೆಯುತ್ತದೆ. ತೆಂಗಿನ ನಾರು, ತೊಗಟೆ ಚೂರು ತುಂಬಿ ಅದರ ಮೇಲೆ ಕಾಂಡವನ್ನು ಬರಿದಾಗಿಟ್ಟರೆ ಬದುಕುತ್ತದೆ. ಒಣಗಿದ ಗೂಡೆಲೆ ಚೆನ್ನಾಗಿ ಕಾಣುವುದಿಲ್ಲವೆಂದು ಕತ್ತರಿಸಿ ಹಾಕಬಾರದು. ನರ್ಸರಿಯ ಗಿಡಗಳಲ್ಲಿ ನಾನು ಹೆಚ್ಚಾಗಿ ಕಾಣುವ ‘ಅಲಂಕಾರ’ ಅದು.

ಮೂರನೆಯದು, ಗಾಳಿಗೆ ಬಿದ್ದ ಕೊಂಬೆಯ ಮೇಲಿನ ಗಿಡವನ್ನು ಉಳಿಸಬಹುದೇ ಎಂಬುದು. ಖಂಡಿತ. ನೆಲದ ಮೇಲೆ ಬಿಟ್ಟರೆ ಕೊಳೆಯುತ್ತದೆ. ಎಳೆಯ ತುದಿ ಇರುವ ಕಾಂಡದ ಗೇಣುದ್ದದ ತುಂಡನ್ನು ಗೂಡೆಲೆ, ಗೊಬ್ಬರ, ಬೇರಿನ ಸಮೇತ ತೊಗಟೆಯಿಂದ ಬಿಡಿಸಿಕೊಳ್ಳಿ. ಹತ್ತಿರದ ಒರಟು ತೊಗಟೆಯ ಮರವೊಂದರ ಕವಲಿನಲ್ಲಿ, ಗೂಡೆಲೆಯ ಬಾಯಿ ಮೇಲ್ಮುಖವಾಗಿರುವಂತೆ ಇಟ್ಟು ತೆಂಗಿನ ನಾರಿನ ಹಗ್ಗದಿಂದ ಬಿಗಿಯಿರಿ. ಪ್ಲಾಸ್ಟಿಕ್ ಹಗ್ಗ, ತಂತಿ ಬೇಡ. ಮರ ದಪ್ಪವಾದಂತೆ ಅವು ತೊಗಟೆಯನ್ನು ಕೊರೆಯುತ್ತವೆ. ಮುಂಗಾರಿನ ಮೊದಲ ಮಳೆಗಳಲ್ಲಿ ಕಟ್ಟಿದರೆ ನೀರು ಹಾಕುವ ಕೆಲಸವೂ ಉಳಿಯುತ್ತದೆ, ನಾರಿನ ಹಗ್ಗ ಕೊಳೆತು ಬೀಳುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ನಿಮ್ಮ ಕೈಯಿಂದ ಕೈಗೆ ದಾಟಿದ ಈ ತುಂಡನ್ನೂ ಸಭೆ ಮುಗಿದ ಮೇಲೆ ಕಟ್ಟುವುದಿದೆ. ಏಣಿ ಹಿಡಿಯಲು ಇಬ್ಬರು ಬೇಕು.